ಹಾಟ್ ರಾಡ್ ಡಿಲಕ್ಸ್ ಆಂಪ್: 6ಎಲ್6 ಜಾಗಕ್ಕೆ ಇಎಲ್34 ಹಾಕಬಹುದಾ? ಟೋನ್ ನಿಜಕ್ಕೂ ಬದಲಾಗುತ್ತಾ?

ತಂತಿಮೀಟು:

ಗಿಟಾರ್ ಆಂಪ್ ಫೆಂಡರ್ ಹಾಟ್ ರಾಡ್ ಡಿಲಕ್ಸ್, 230 ವೋಲ್ಟ್ ಮಾದರಿ. ಎರಡು 6ಎಲ್6 ಪವರ್ ಟ್ಯೂಬ್, ಮೂರು 12ಎಎಕ್ಸ್7 ಸಣ್ಣ ಟ್ಯೂಬ್, 12 ಇಂಚಿನ 8 ಓಮ್ ಸ್ಪೀಕರ್. ಕ್ಲೀನ್ ಚಾನೆಲ್‌ನಲ್ಲಿ ವಾಲ್ಯೂಮ್ 2 ದಾಟುವ ಮೊದಲೇ ರೂಮು ತುಂಬಿಬಿಡುತ್ತೆ, ಮೇಲಿನ ತಂತಿಗಳು ಕಿವಿಗೆ ಚುಚ್ಚುತ್ತವೆ. ನನಗೆ ಬೇಕಿರೋದು ಸ್ವಲ್ಪ ಬೇಗ ಬ್ರೇಕ್ ಅಪ್ ಆಗುವ (ಅಂದರೆ ಸ್ವರ ಒಡೆಯೋಕೆ ಶುರುವಾಗುವ), ಮಿಡ್ ದಪ್ಪಗಿರುವ ಸೌಂಡ್.

ಇಎಲ್34ಕ್ಕೂ ಎಂಟೇ ಪಿನ್, ಸಾಕೆಟ್‌ಗೆ ಕೂರುತ್ತೆ. ಸುಮ್ಮನೆ ಬದಲಾಯಿಸಿದರೆ ಆಗುತ್ತಾ? ಇಲ್ಲಾಂದ್ರೆ 6ವಿ6? ಬಯಾಸ್, ಅಂದರೆ ನುಡಿಸದಿದ್ದಾಗ ಟ್ಯೂಬಿನಲ್ಲಿ ಹರಿಯುವ ಕರೆಂಟ್ ಹೊಂದಿಸೋದು, ಪ್ರತಿ ಸಲವೂ ಮಾಡಲೇಬೇಕಾ? ಇನ್ನೊಂದು, ಎಸ್.ಪಿ. ರೋಡಿನಲ್ಲಿ ಹಳೇ ಬಿಇಎಲ್ ಇಎಲ್84 ಒಂದು ಜೋಡಿ ನೋಡಿದೆ. ಅದು ಉಪಯೋಗಕ್ಕೆ ಬರುತ್ತಾ?

ವಾಲ್ವ್‌ಪೆಟ್ಟಿಗೆ:

ಕೊನೇ ಪ್ರಶ್ನೆ ಮೊದಲು ಮುಗಿಸ್ತೀನಿ. ಇಎಲ್84 ಒಂಬತ್ತು ಪಿನ್ನಿನ ಸಣ್ಣ ಟ್ಯೂಬ್, ನಿಮ್ಮ ಸಾಕೆಟ್‌ಗೆ ಕೂರೋದೇ ಇಲ್ಲ. ಜಾಲಹಳ್ಳಿಯ ಬಿಇಎಲ್ ರೇಡಿಯೋ ಕಾಲದಲ್ಲಿ ಮಾಡಿದ ಆ ಟ್ಯೂಬುಗಳನ್ನ ಈಗಲೂ ಹುಡುಕಿ ಕೊಳ್ಳೋರಿದ್ದಾರೆ, ಆದರೆ ಅವಕ್ಕೆ ಇಎಲ್84 ಆಂಪೇ ಬೇಕು.

ಇಎಲ್34 ಸುಮ್ಮನೆ ಚುಚ್ಚಬೇಡಿ. ಮೂರು ಕಾರಣ ಇದೆ. ಒಂದು, ಪಿನ್ 1. 6ಎಲ್6ನಲ್ಲಿ ಆ ಪಿನ್ ಖಾಲಿ. ಇಎಲ್34ನಲ್ಲಿ ಅದು ಸಪ್ರೆಸರ್ ಗ್ರಿಡ್ ಅನ್ನೋ ಒಳಗಿನ ಜಾಲರಿ, ಕ್ಯಾಥೋಡ್‌ಗೆ ಅಂದರೆ ಎಲೆಕ್ಟ್ರಾನ್ ಹೊರಡುವ ಪಿನ್ 8ಕ್ಕೆ ಸೇರಿರಲೇಬೇಕು. ಹಳೇ ಫೆಂಡರ್‌ಗಳಲ್ಲಿ ಖಾಲಿ ಪಿನ್ 1ನ್ನ ಗ್ರಿಡ್ ರೆಸಿಸ್ಟರ್ ಕಟ್ಟೋಕೆ ಗೂಟದ ಹಾಗೆ ಬಳಸಿರ್ತಾರೆ. ಅಲ್ಲಿ ಬಯಾಸ್ ವೋಲ್ಟೇಜೇ ಕೂತಿರುತ್ತೆ. ನಿಮ್ಮ ಬೋರ್ಡಿನಲ್ಲಿ ಪಿನ್ 1 ಎಲ್ಲಿಗೆ ಹೋಗುತ್ತೆ ಅನ್ನೋದನ್ನ ಮೀಟರಿನಲ್ಲೇ ನೋಡಬೇಕು. ಎರಡು, ಹೀಟರ್, ಅಂದರೆ ಟ್ಯೂಬನ್ನ ಒಳಗಿಂದ ಕಾಯಿಸುವ ತಂತಿ. 6ಎಲ್6 ಒಂದಕ್ಕೆ 0.9 ಆಂಪಿಯರ್ ಸಾಕು, ಇಎಲ್34 ಒಂದಕ್ಕೆ 1.5 ಬೇಕು. ಜೋಡಿಗೆ 1.2 ಆಂಪಿಯರ್ ಹೆಚ್ಚಾಯ್ತು. ಆ ಹೊರೆ ಪವರ್ ಟ್ರಾನ್ಸ್‌ಫಾರ್ಮರ್ ಮೇಲೆ ಬೀಳುತ್ತೆ, ಅದು ಬಿಸಿಯಾಗಿ ಸುಟ್ಟರೆ ಟ್ಯೂಬಿನ ದುಡ್ಡಿನ ಎಷ್ಟೋ ಪಟ್ಟು ಹೋಗುತ್ತೆ. ಮೂರು, ಬಯಾಸ್. ಇಂಥ ಆಂಪಿನಲ್ಲಿ 6ಎಲ್6ನ ಕರೆಂಟ್ ಹಿಡಿತದಲ್ಲಿಡುವ ಗ್ರಿಡ್‌ಗೆ ಸುಮಾರು ಮೈನಸ್ 50 ವೋಲ್ಟ್ ಬೇಕು, ಇಎಲ್34ಕ್ಕೆ ಮೈನಸ್ 40ರ ಆಸುಪಾಸು. ಹಳೇ ಬಯಾಸಿನಲ್ಲೇ ಬಿಟ್ಟರೆ ಇಎಲ್34 ತಣ್ಣಗೆ, ಅಂದರೆ ಕಡಿಮೆ ಕರೆಂಟಿನಲ್ಲಿ ಓಡಿ, ಮೆಲ್ಲಗೆ ಮೀಟಿದಾಗ ಸ್ವರದ ಅಂಚು ಹರಿದ ಹಾಗೆ ಕೇಳಿಸುತ್ತೆ. ಅದೇ ಕ್ರಾಸ್‌ಓವರ್ ಡಿಸ್ಟಾರ್ಶನ್.

6ವಿ6 ಕಡೆ ಬಂದರೆ, ಅದರ ಪ್ಲೇಟ್, ಅಂದರೆ ಎಲೆಕ್ಟ್ರಾನ್ ಬಂದು ಸೇರುವ ತಗಡು, ತಾಳೋದು 12ರಿಂದ 14 ವ್ಯಾಟ್. ನಿಮ್ಮ ಆಂಪಿನ ಪ್ಲೇಟಿನಲ್ಲಿ 420 ವೋಲ್ಟ್ ಇರುತ್ತೆ. ಜೆಜೆಯ 6ವಿ6ಎಸ್ ಥರ ಗಟ್ಟಿ ಟ್ಯೂಬ್ ಬಿಟ್ಟರೆ ಬೇರೆಯವಕ್ಕೆ ಅದು ಕಷ್ಟ. ಜೊತೆಗೆ 6ವಿ6 ಜೋಡಿಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿಯಲ್ಲಿ ಸುಮಾರು ಎರಡರಷ್ಟು ಇಂಪೀಡೆನ್ಸ್ ಬೇಕು. 8 ಓಮ್ ಜಾಗದಲ್ಲಿ 16 ಓಮ್ ಸ್ಪೀಕರ್ ಹಾಕಿದರೆ ಲೆಕ್ಕ ಸರಿಹೋಗುತ್ತೆ, ಆದರೆ ಹೊಸ ಸ್ಪೀಕರ್ ತರಬೇಕು.

ಈಗ ನಿಮ್ಮ ನಿಜವಾದ ತೊಂದರೆಗೆ ಬರೋಣ. ವಾಲ್ಯೂಮ್ 2ರಲ್ಲಿ ನುಡಿಸೋವಾಗ ಪವರ್ ಟ್ಯೂಬುಗಳು ಇನ್ನೂ ಆರಾಮಾಗಿ ಕೂತಿರುತ್ತವೆ. ಟ್ಯೂಬಿನಿಂದ ಟ್ಯೂಬಿಗೆ ಇರುವ ವ್ಯತ್ಯಾಸ ಕೇಳಿಸೋದು ಅವನ್ನ ಒತ್ತಿ ದುಡಿಸಿದಾಗ. ಮನೆಯ ವಾಲ್ಯೂಮಿಗೆ 6ಎಲ್6 ಬ್ರ್ಯಾಂಡ್ ಬದಲಿಸಿ ಟೋನ್ ಹುಡುಕೋದು ದುಡ್ಡು ಕಳೆಯುವ ದಾರಿ. ನಾನಾದರೆ ಮೊದಲು ಬಯಾಸ್ ನೋಡ್ತೀನಿ. ಈ ಆಂಪಿಗೆ ಟಿಪಿ30 ಅನ್ನೋ ಟೆಸ್ಟ್ ಪಾಯಿಂಟ್ ಇದೆ, 1 ಓಮ್ ರೆಸಿಸ್ಟರಿನ ಮೇಲೆ. ಅಲ್ಲಿ 1 ಮಿಲಿವೋಲ್ಟ್ ಅಂದರೆ 1 ಮಿಲಿಆಂಪ್, ಎರಡೂ ಟ್ಯೂಬಿನದು ಒಟ್ಟಿಗೆ. ಸಾಮಾನ್ಯವಾಗಿ 60 ಮಿಲಿವೋಲ್ಟಿಗೆ ಇಟ್ಟಿರ್ತಾರೆ. ಒಂದೊಂದಕ್ಕೆ 30 ಮಿಲಿಆಂಪ್, 420 ವೋಲ್ಟಿಗೆ 12.6 ವ್ಯಾಟ್. 6ಎಲ್6ಜಿಸಿಯ ಮಿತಿ 30 ವ್ಯಾಟ್, ಅಂದರೆ 42 ಪರ್ಸೆಂಟ್ ಅಷ್ಟೆ. ಟ್ಯೂಬ್ ಬಾಳಿಕೆ ಬರುತ್ತೆ, ಸೌಂಡ್ ಮಾತ್ರ ಬಿಗಿ ಮತ್ತು ಚೂಪು. ಒಂದೊಂದಕ್ಕೆ 36ರಿಂದ 40ಕ್ಕೆ ಏರಿಸಿದರೆ ಚೂಪು ಕಡಿಮೆಯಾಗಿ ಸ್ವರಕ್ಕೆ ಸ್ವಲ್ಪ ಮೈ ಬರುತ್ತೆ. 70 ಪರ್ಸೆಂಟ್ ಅಂದರೆ 50 ಮಿಲಿಆಂಪ್. ಅದು ದಾಟಬಾರದ ಗೆರೆ, ಮುಟ್ಟಲೇಬೇಕಾದ ಗುರಿಯಲ್ಲ.

ಕೆಲಸದ ಕ್ರಮ ಹೇಳ್ತೀನಿ. ಆಂಪ್ ಆಫ್ ಮಾಡಿ ಪ್ಲಗ್ ಕಿತ್ತು, ಮೇಲಿನ ಹಿಂಬದಿ ಹಲಗೆ ಬಿಚ್ಚಿ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರುಗಳಲ್ಲಿ ಪ್ರಾಣ ತೆಗೆಯುವಷ್ಟು ಚಾರ್ಜ್ ಉಳಿದಿರಬಹುದು. ಪವರ್ ಟ್ಯೂಬಿನ ಪಿನ್ 3ರಿಂದ (ಪ್ಲೇಟ್) ಚಾಸಿಗೆ ಮೀಟರ್ ಹಿಡಿದು 10 ವೋಲ್ಟಿಗಿಂತ ಕೆಳಗೆ ಇಳಿಯೋವರೆಗೆ ಬೋರ್ಡ್ ಮುಟ್ಟಬೇಡಿ. ಟ್ಯೂಬ್ ತಣ್ಣಗಾದ ಮೇಲೆ ಬುಡದ ಕಪ್ಪು ಭಾಗ ಹಿಡಿದು ನೇರ ಎಳೆಯಿರಿ, ಗಾಜು ಹಿಡಿದು ತಿರುಚಿದರೆ ಬುಡದ ಅಂಟು ಬಿಡುತ್ತೆ. ಹೊಸದನ್ನ ಹಾಕೋವಾಗ ನಡುವಿನ ಗೂಟದ ಏಣು ಸಾಕೆಟ್ಟಿನ ತೋಡಿಗೆ ಕೂತಿದೆಯಾ ನೋಡಿ. ಆನ್ ಮಾಡೋ ಮೊದಲೇ ಬಯಾಸ್ ಪಾಟ್ (ತಿರುಗಿಸಿ ಹೊಂದಿಸುವ ಬಿರಡೆ) ಅತಿ ತಣ್ಣನೆ ಕಡೆಗೆ ತಿರುಗಿಸಿಡಿ. ಸ್ಪೀಕರ್ ಸಿಕ್ಕಿಸಿರಬೇಕು. ಸ್ಪೀಕರ್ ಇಲ್ಲದೆ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಒಳಗೇ ಷಾರ್ಟ್ ಆಗಬಹುದು. ಸ್ಟ್ಯಾಂಡ್‌ಬೈ ತೆಗೆದು ವಾಲ್ಯೂಮ್ ಸೊನ್ನೆಯಲ್ಲಿಟ್ಟು ಪಾಟ್ ನಿಧಾನಕ್ಕೆ ತಿರುಗಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಮೀಟರಿನ ಕಪ್ಪು ವೈರಿಗೆ ಕ್ಲಿಪ್ ಹಾಕಿ ಚಾಸಿಗೆ ಕಚ್ಚಿಸಿಬಿಡಿ, ಒಂದೇ ಕೈಯಲ್ಲಿ ಕೆಲಸ ಮಾಡಿ.

ಸ್ವರಗಂಟೆ:

ಮೇಲಿನವರು ಹೇಳಿದ್ದಕ್ಕೆಲ್ಲ ಒಪ್ಪಿಗೆ, ಆದರೆ ವಾಲ್ಯೂಮಿನ ತೊಂದರೆಗೆ ಬಯಾಸಿಗಿಂತ ಮುಂಚೆ ವಿ1 ನೋಡಿ. ಇನ್‌ಪುಟ್ ಜ್ಯಾಕಿಗೆ ಹತ್ತಿರದ ಸಣ್ಣ ಟ್ಯೂಬ್ ಅದು. 12ಎಎಕ್ಸ್7ರ ಗೇನ್ ಫ್ಯಾಕ್ಟರ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) 100, 5751ರದು 70, 12ಎವೈ7ರದು 45ರ ಹತ್ತಿರ. ಮೂರೂ ಅದೇ ಸಾಕೆಟ್ಟಿಗೆ ಕೂರುತ್ತವೆ, ಬಯಾಸ್ ಕೆಲಸ ಇಲ್ಲ. 12ಎವೈ7 ಹಾಕಿದರೆ ವಾಲ್ಯೂಮ್ ಪಾಟ್ ನಿಧಾನಕ್ಕೆ ಏರುತ್ತೆ, ಮನೆಯಲ್ಲಿ 4ರವರೆಗೂ ಹೋಗಬಹುದು. ಡ್ರೈವ್ ಚಾನೆಲ್ ಸ್ವಲ್ಪ ಸೊರಗುತ್ತೆ, ಅದು ಬೇಡ ಅಂದರೆ 5751ಕ್ಕೆ ನಿಲ್ಲಿಸಿ.

ಪವರ್ ಟ್ಯೂಬಿನಲ್ಲೇ ಬೇಗ ಬ್ರೇಕ್ ಅಪ್ ಬೇಕು ಅಂದರೆ 23 ವ್ಯಾಟಿನ 5881 ಇದೆ. ಅದು ಹೀಟರಿಗೂ ಪಿನ್ನಿಗೂ ಹೊಂದುತ್ತೆ. ಬಯಾಸ್ ಲೆಕ್ಕ ಮಾತ್ರ 30ಕ್ಕಲ್ಲ, 23ಕ್ಕೆ ಹಾಕಬೇಕು: 70 ಪರ್ಸೆಂಟ್ ಲೆಕ್ಕದಲ್ಲಿ 420 ವೋಲ್ಟಿಗೆ 38 ಮಿಲಿಆಂಪ್ ಮೇಲ್ಮಿತಿ.

ನಮ್ಮ ಕಡೆ ಇನ್ನೊಂದು ವಿಷಯ ಇದೆ, ಗೋಡೆಯ ಕರೆಂಟ್. ರಾತ್ರಿ ಹೊತ್ತು 245 ಇದ್ದರೆ ಪ್ಲೇಟ್ 420ರಿಂದ 447ರ ಹತ್ತಿರ ಹೋಗುತ್ತೆ. ಬಯಾಸ್ ವೋಲ್ಟೇಜೂ ಅದೇ ಟ್ರಾನ್ಸ್‌ಫಾರ್ಮರಿಂದ ಬರೋದರಿಂದ ಒಂದಷ್ಟು ತಾನೇ ಸರಿದೂಗುತ್ತೆ, ಪೂರ್ತಿ ಅಲ್ಲ. ಅಳೆಯೋವಾಗ ಗೋಡೆಯ ವೋಲ್ಟೇಜನ್ನೂ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ.

ತಂತಿಮೀಟು:

ವಿ1ಕ್ಕೆ 5751 ಹಾಕಿದೆ, ಕ್ಲೀನ್ ಚಾನೆಲ್ ಈಗ ಹಿಡಿತಕ್ಕೆ ಬಂದಿದೆ. ಹಳೇ 6ಎಲ್6 ಸವೆದಿದ್ದವು, ಹಾಗಾಗಿ ಮ್ಯಾಚ್ಡ್ ಜೋಡಿ (ಒಂದೇ ಥರ ಕರೆಂಟ್ ಎಳೆಯುವ ಎರಡು) ಅಂತ ಕೊಟ್ಟ ಹೊಸ 6ಎಲ್6ಜಿಸಿ ಹಾಕಿದೆ. ಗೋಡೆಯಲ್ಲಿ 232, ಪ್ಲೇಟಿನಲ್ಲಿ 424. ಮೊದಲು ಟಿಪಿ30ರಲ್ಲಿ 72 ಬಂತು, ಹತ್ತು ನಿಮಿಷದಲ್ಲಿ ತಾನೇ ಏರುತ್ತಾ 118 ಆಯ್ತು. ಬಲಗಡೆ ಟ್ಯೂಬಿನ ಬೂದು ಪ್ಲೇಟಿನ ಅಂಚಿನಲ್ಲಿ ಮಂಕು ಕೆಂಪು ಗೆರೆ ಮೂಡಿತು, ಆಫ್ ಮಾಡಿದೆ. ಎರಡೂ ಟ್ಯೂಬಿನ ಗಾಜಿನ ಒಳಮೈಯಲ್ಲಿ ನೀಲಿ ಬೆಳಕೂ ಇತ್ತು. ಲೆಕ್ಕ ಹಾಕಿದರೆ ಒಂದೊಂದಕ್ಕೆ 59 ಮಿಲಿಆಂಪ್, 25 ವ್ಯಾಟ್. ಮಿತಿಯೊಳಗೇ ಇದೆ, ಮತ್ತೆ ಯಾಕೆ ಕೆಂಪಾಯ್ತು?

ವಾಲ್ವ್‌ಪೆಟ್ಟಿಗೆ:

ಆಫ್ ಮಾಡಿದ್ದು ಒಳ್ಳೇದಾಯ್ತು. ಗಾಜಿಗೆ ಅಂಟಿದ ಹಾಗಿರೋ ನೀಲಿಗೆ ಹೆದರಬೇಡಿ, ಒಳ್ಳೆ ಟ್ಯೂಬಿನಲ್ಲೂ ಇರುತ್ತೆ. ಪ್ಲೇಟ್ ಮತ್ತು ಗ್ರಿಡ್ ನಡುವೆ ಮಂಜಿನ ಹಾಗೆ ನೇರಳೆ ಕಂಡರೆ ಒಳಗೆ ಗ್ಯಾಸ್ ಇದೆ ಅಂತ. ನೆತ್ತಿಯ ಬೆಳ್ಳಿ ಬಣ್ಣ ಹಾಲಿನ ಹಾಗೆ ಬೆಳ್ಳಗಾದರೆ ಗಾಳಿ ನುಗ್ಗಿದೆ, ಟ್ಯೂಬ್ ಸತ್ತಿದೆ.

ಲೆಕ್ಕ ಯಾಕೆ ತಪ್ಪಿತು ಅಂದರೆ, ಟಿಪಿ30 ಎರಡರ ಮೊತ್ತ ಹೇಳುತ್ತೆ, ಪಾಲು ಹೇಳಲ್ಲ. ಒಂದು 85, ಇನ್ನೊಂದು 33 ಇದ್ದರೂ ಅಲ್ಲಿ 118 ಅಂತಲೇ ಕಾಣುತ್ತೆ. 424 ವೋಲ್ಟಿಗೆ 85 ಅಂದರೆ 36 ವ್ಯಾಟ್, ಕೆಂಪಾಗದೆ ಇನ್ನೇನು. ಪಾಟ್ ತಿರುಗಿಸಿ ಮೊತ್ತ ಇಳಿಸಿದರೆ ರೋಗ ಮುಚ್ಚಿಹೋಗುತ್ತೆ, ವಾಸಿಯಾಗಲ್ಲ.

ಹುಡುಕೋದು ಹೀಗೆ. ಎರಡೂ ಪವರ್ ಟ್ಯೂಬ್ ತೆಗೆದು ಆನ್ ಮಾಡಿ, ಎರಡೂ ಸಾಕೆಟ್ಟಿನ ಪಿನ್ 5ರಲ್ಲಿ, ಅಂದರೆ ಗ್ರಿಡ್ಡಿನ ಪಿನ್ನಿನಲ್ಲಿ, ಅಳೆಯಿರಿ. ಕೆಳಗಿಂದ ನೋಡಿದಾಗ ತೋಡಿನಿಂದ ಗಡಿಯಾರದ ದಿಕ್ಕಿಗೆ ಐದನೆಯದು. ಬಲಗಡೆ ಮಾತ್ರ ಕಡಿಮೆ ನೆಗೆಟಿವ್ ಬಂದರೆ ಫೇಸ್ ಇನ್ವರ್ಟರಿಂದ (ಎರಡೂ ಪವರ್ ಟ್ಯೂಬಿಗೆ ಸಿಗ್ನಲ್ ಹಂಚುವ ಸಣ್ಣ ಟ್ಯೂಬ್) ಬರುವ ಕಪ್ಲಿಂಗ್ ಕೆಪಾಸಿಟರ್ ಡಿಸಿ ಸೋರುತ್ತಿದೆ. ಅದರ ಒಂದು ಕಾಲು ಎತ್ತಿ ನೋಡಿ, ವೋಲ್ಟೇಜ್ ಸರಿಹೋದರೆ ಅದೇ ಮೌಲ್ಯದ 630 ವೋಲ್ಟಿನದು ಹಾಕಿ. ಎರಡೂ ಕಡೆ ಒಂದೇ ಬಂದರೆ ಆಂಪ್ ಸರಿಯಿದೆ. ಆಗ ಟ್ಯೂಬ್ ಅದಲು ಬದಲು ಮಾಡಿ ಹಾಕಿ. ಕೆಂಪು ಟ್ಯೂಬಿನ ಜೊತೆ ಎಡಕ್ಕೆ ಬಂದರೆ ತಪ್ಪು ಟ್ಯೂಬಿನದೇ. ಕೆಂಪು ಶುರುವಾದ ಕೂಡಲೇ ಸ್ಟ್ಯಾಂಡ್‌ಬೈಗೆ ಹಾಕಿ, ನೋಡುತ್ತಾ ನಿಲ್ಲಬೇಡಿ.

ತಂತಿಮೀಟು:

ಟ್ಯೂಬ್ ಇಲ್ಲದಾಗ ಎರಡೂ ಕಡೆ ಮೈನಸ್ 49. ಅದಲು ಬದಲು ಮಾಡಿದಾಗ ಕೆಂಪು ಎಡಕ್ಕೆ ಬಂತು. ಆಗ ಎಡಗಡೆ ಪಿನ್ 5ರಲ್ಲಿ ಮೈನಸ್ 31, ಬಲಗಡೆ 49ರಲ್ಲೇ ಇತ್ತು.

ವಾಲ್ವ್‌ಪೆಟ್ಟಿಗೆ:

ಹಾಗಾದರೆ ಅನುಮಾನವೇ ಬೇಡ. ಆ ಟ್ಯೂಬಿನೊಳಗೆ ಉಳಿದ ಗ್ಯಾಸಿನಿಂದ ಗ್ರಿಡ್‌ನಲ್ಲಿ ಕರೆಂಟ್ ಹರಿದು, ಗ್ರಿಡ್ ರೆಸಿಸ್ಟರಿನಲ್ಲಿ 18 ವೋಲ್ಟ್ ಬಿದ್ದು ಹೋಗ್ತಿದೆ. ಬಿಸಿಯಾದಷ್ಟೂ ಅದು ಹೆಚ್ಚುತ್ತೆ, ಅದಕ್ಕೇ ರೀಡಿಂಗ್ ತಾನಾಗಿ ಏರ್ತಾ ಹೋಯ್ತು. ಒಂದನ್ನೇ ಬದಲಿಸಿಕೊಳ್ಳಬೇಡಿ, ಜೋಡಿಯನ್ನೇ ವಾಪಸ್ ಕೊಡಿ.

ಮುಂದಿನ ಜೋಡಿ ಹಾಕೋ ಮೊದಲು ಪ್ಲಗ್ ಕಿತ್ತು, ಕೆಪಾಸಿಟರ್ ಖಾಲಿಯಾದ ಮೇಲೆ ಎರಡೂ ಕಡೆಯ ಸ್ಕ್ರೀನ್ ರೆಸಿಸ್ಟರ್ (ಟ್ಯೂಬಿನ ಸ್ಕ್ರೀನ್ ಗ್ರಿಡ್ಡಿಗೆ ಹೋಗುವ ದಾರಿಯಲ್ಲಿರೋದು) ಅಳೆಯಿರಿ. 470 ಓಮಿನ ಹತ್ತಿರ ಇರಬೇಕು. ಕೆಂಪಾದ ಟ್ಯೂಬ್ ಹೋಗೋವಾಗ ಅದನ್ನೂ ಸುಟ್ಟು ಹೋಗಿರುತ್ತೆ ಎಷ್ಟೋ ಸಲ.

ಸ್ವರಗಂಟೆ:

ಹಲಗೆ ಹೇಗೂ ಬಿಚ್ಚಿದೆ, ಬೋರ್ಡಿನಲ್ಲಿರುವ ಎರಡು ಬಿಳಿ 5 ವ್ಯಾಟ್ ಸಿಮೆಂಟ್ ರೆಸಿಸ್ಟರುಗಳ ಬೆಸುಗೆಯನ್ನೂ ಟಾರ್ಚ್ ಹಿಡಿದು ನೋಡಿ. ಅವು ತುಂಬಾ ಬಿಸಿಯಾಗ್ತವೆ. ಕಾಲಿನ ಸುತ್ತ ಕೂದಲೆಳೆಯಷ್ಟು ಉಂಗುರ ಬಿರುಕು ಕಂಡರೆ ಹಳೇ ಬೆಸುಗೆ ತೆಗೆದು ಹೊಸದಾಗಿ ಹಾಕಿ. ಚಾನೆಲ್ ಬದಲಾಗದೆ ಇರೋದು, ರಿವರ್ಬ್ ನಿಂತುಹೋಗೋದು ಎಷ್ಟೋ ಸಲ ಅಲ್ಲಿಂದಲೇ.

ತಂತಿಮೀಟು:

ಬಲಗಡೆ ಸ್ಕ್ರೀನ್ ರೆಸಿಸ್ಟರ್ 610 ತೋರಿಸಿತು, ಎರಡನ್ನೂ 470 ಓಮ್ 1 ವ್ಯಾಟಿನ ಹೊಸದಕ್ಕೆ ಬದಲಿಸಿದೆ. ಬೆಸುಗೆಯಲ್ಲಿ ಬಿರುಕಿಲ್ಲ. ಬದಲಿ ಜೋಡಿ ಬಂತು, ಟಿಪಿ30ರಲ್ಲಿ 73. ಅರ್ಧ ಗಂಟೆ ಬಿಟ್ಟು ನೋಡಿದಾಗ 74, ಪಿನ್ 5 ಎರಡೂ ಕಡೆ ಸಮ. ಗೋಡೆಯಲ್ಲಿ 231.