ಸುತ್ತೋಲೆಯ 55 ಲೀಟರ್ ನೀರು ಕಡೆಯ ಮನೆಗೆ ಮುಟ್ಟುವುದು ಹೇಗೆ?

ಪ್ರಶ್ನೆ: ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಇಂಡಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಈಚೆಗೆ ಇಲ್ಲಿನ ಒಂದು ಗ್ರಾಮ ಪಂಚಾಯಿತಿಗೆ ವರ್ಗವಾಗಿ ಬಂದಿದ್ದೇನೆ. 2019ರಲ್ಲಿ ಜಲ ಜೀವನ್ ಮಿಷನ್ ಘೋಷಣೆಯಾದಾಗಿನಿಂದ ಪ್ರತಿ ಗ್ರಾಮೀಣ ಮನೆಗೆ ನಲ್ಲಿ ಹಾಕಿಸಿ, ಒಬ್ಬರಿಗೆ ದಿನಕ್ಕೆ 55 ಲೀಟರ್ ಶುದ್ಧ ನೀರು ಕೊಡಬೇಕೆಂಬ ಗುರಿ ನಮ್ಮ ಸಭೆಗಳ ನಡಾವಳಿಯಲ್ಲಿ ಮತ್ತೆ ಮತ್ತೆ ದಾಖಲಾಗಿದೆ. ಆದರೆ ಊರಿಗೆ ನೀರು ಬಿಡುವ ನೀರಗಂಟಿಯವರನ್ನು ಕೇಳಿದರೆ, "ಕರೆಂಟ್ ಬಂದಾಗ ಮೋಟಾರ್ ಚಾಲೂ ಮಾಡ್ತೀನ್ರಿ, ವಾಲ್ವ್ ತಿರುವ್ತೀನ್ರಿ" ಎನ್ನುತ್ತಾರೆ. ಅವರದು ತಪ್ಪಲ್ಲ; ಅದಕ್ಕಿಂತ ಹೆಚ್ಚಿನದನ್ನು ಅವರಿಗೆ ಯಾರೂ ತಿಳಿಸಿಲ್ಲ. ಸರ್ಕಾರದ ಗುರಿಯನ್ನು ಸಿಬ್ಬಂದಿಯ ನಾಳಿನ ಬೆಳಗಿನ ಕೆಲಸವನ್ನಾಗಿ ಮಾಡುವ ಬಗೆಯನ್ನು ಅನುಭವಿಗಳು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1: ನಿವೃತ್ತ ಎಂಜಿನಿಯರ್, ಬಾಗಲಕೋಟೆ

ಮೇಡಂ, ಮೊದಲು ಆ 55 ಲೀಟರನ್ನು ಕೊಡಗಳ ಲೆಕ್ಕಕ್ಕೆ ಇಳಿಸಿರಿ. ಐದು ಜನರ ಮನೆಗೆ ದಿನಕ್ಕೆ 275 ಲೀಟರ್, ಅಂದರೆ 15 ಲೀಟರ್ ಹಿಡಿಯುವ ಕೊಡದಲ್ಲಿ ಹದಿನೆಂಟಕ್ಕೆ ತುಸು ಮೇಲೆ. ಸಾವಿರ ಜನರಿರುವ ಓಣಿಗೆ 55,000 ಲೀಟರ್ ಬೇಕಾಗುವುದರಿಂದ, ಅಲ್ಲಿಯ ಟ್ಯಾಂಕು 50,000 ಲೀಟರಿನದಾದರೆ ದಿನಕ್ಕೊಮ್ಮೆ ತುಂಬಿಸಿ ಸುಮ್ಮನಾಗುವಂತಿಲ್ಲ.

ಬಳಿಕ ನೀರು ಬಿಡುವ ಹೊತ್ತಿಗೆ ನೀರಗಂಟಿಯವರನ್ನು ಕರೆದುಕೊಂಡು ಓಣಿಯ ಕಟ್ಟಕಡೆಯ ಮನೆಗೆ ಹೋಗಿ, ನಲ್ಲಿಯ ಕೆಳಗೆ ಕೊಡವಿಟ್ಟು ಗಡಿಯಾರ ನೋಡಿರಿ. ಕೊಡ ತುಂಬಲು ಎರಡು ನಿಮಿಷ ಹಿಡಿದರೆ ಆ ಮನೆಯ 275 ಲೀಟರಿಗೆ ಸುಮಾರು 37 ನಿಮಿಷ ಬೇಕು. ಹಾಗಾದರೆ ನೀರಗಂಟಿಗೆ ಕೊಡಬೇಕಾದ ಸೂಚನೆ ಇಷ್ಟೇ: ಕಡೆಯ ಮನೆಗೆ ನೀರು ಮುಟ್ಟಿದ ಮೇಲೆ 40 ನಿಮಿಷ ಈ ವಾಲ್ವ್ ಮುಚ್ಚಬಾರದು. ಇದನ್ನು ಅವರು ಪಾಲಿಸಬಲ್ಲರು, ತಾವು ಪರಿಶೀಲಿಸಬಲ್ಲಿರಿ. ಕಡೆಯ ಮನೆಗಿಂತ ಮೊದಲು ಬರುವ ಮನೆಗಳವರು ನಲ್ಲಿಗೇ ಮೋಟಾರ್ ಹಚ್ಚಿ ಎಳೆಯುತ್ತಿದ್ದರೆ ಈ ಲೆಕ್ಕವೆಲ್ಲ ಕೆಡುತ್ತದೆ. ಅದನ್ನು ತಡೆಯುವ ಹೊಣೆಯನ್ನು ನೀರಗಂಟಿಯ ಮೇಲೆ ಹೊರಿಸಬೇಡಿರಿ, ಊರಿನವರ ನಿಷ್ಠುರ ಕಟ್ಟಿಕೊಳ್ಳುವ ಶಕ್ತಿ ಅವರಿಗಿರುವುದಿಲ್ಲ. ಅದು ಪಂಚಾಯಿತಿಯ ಕೆಲಸ.

ಉತ್ತರ 2: ತಾಲ್ಲೂಕು ಮಟ್ಟದ ನೌಕರ, ಬೆಳಗಾವಿ ಜಿಲ್ಲೆ

ಸರ್ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ವೇಳೆ ಗೊತ್ತು ಮಾಡಿದ ಮಾತ್ರಕ್ಕೆ ಅದು ಉಳಿಯುವುದಿಲ್ಲ. ಸರ್ಕಾರಿ ಸೇವೆಗಳನ್ನು ಗೊತ್ತುಪಡಿಸಿದ ಗಡುವಿನೊಳಗೆ ಕೊಡಬೇಕೆನ್ನುವ 2011ರ ಸಕಾಲ ಕಾಯ್ದೆಯಿಂದ ಕಚೇರಿಗಳಲ್ಲಿ ಏನಾದರೂ ಬದಲಾಗಿದ್ದರೆ, ಅರ್ಜಿದಾರರ ಕೈಗೆ ಸಂಖ್ಯೆಯುಳ್ಳ ಸ್ವೀಕೃತಿ ಬಂದದ್ದು ಅದಕ್ಕೆ ದೊಡ್ಡ ಕಾರಣ ಎಂಬುದು ನನ್ನ ಅಭಿಪ್ರಾಯ. ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ದೊಡ್ಡ ಮೊತ್ತವೇನಲ್ಲ. ಆದರೆ ಗಡುವು ಯಾವಾಗ ಮುಗಿಯಿತೆಂದು ಎರಡೂ ಕಡೆಯವರಿಗೆ ಗೊತ್ತಿರುತ್ತದೆ. ನೀರಿನ ದೂರಿಗೂ ಪಂಚಾಯಿತಿಯಲ್ಲಿ ಒಂದು ವಹಿ ಇಡಿರಿ. ದೂರು ಬಂದ ದಿನ, ಯಾರಿಗೆ ವಹಿಸಲಾಯಿತು, ಸರಿಯಾದ ದಿನ, ದೂರು ಕೊಟ್ಟವರ ರುಜು, ಇಷ್ಟಿದ್ದರೆ ಸಾಕು. ಅಧಿಕಾರಿಯೇ "ಸರಿಯಾಯಿತು" ಎಂದು ಬರೆದು ಮುಗಿಸುವ ಪದ್ಧತಿ ನಿಲ್ಲಬೇಕು.

ಉತ್ತರ 3: ಸ್ವಸಹಾಯ ಸಂಘದ ಸದಸ್ಯೆ, ಬಸವನ ಬಾಗೇವಾಡಿ ತಾಲ್ಲೂಕು

ಮೇಡಂ, ನೀರಿನ ಪ್ರಮಾಣದ ಜೊತೆಗೆ ಗುಣಮಟ್ಟವನ್ನೂ ನೋಡಿರಿ. ಕಿಟ್‌ನಿಂದ ನೀರು ಪರೀಕ್ಷಿಸಲು ನಮ್ಮಂಥ ಮಹಿಳೆಯರಿಗೆ ತರಬೇತಿ ಕೊಟ್ಟಿದ್ದಾರೆ. ನಮ್ಮ ಭಾಗದ ಹಲವು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಕುಡಿಯಲು ಯೋಗ್ಯವಲ್ಲ, ಕಾಯಿಸಿದರೂ ಹೋಗುವುದಿಲ್ಲ. ನಾವು ಪರೀಕ್ಷಿಸಿ ಬರೆದುಕೊಟ್ಟ ಅಂಕಿಗಳು ಮೇಲಕ್ಕೆ ಹೋಗುತ್ತವೆ, ಆದರೆ ಅದೇ ಬಾವಿಯ ನೀರನ್ನು ಕುಡಿಯುವ ಮನೆಯವರಿಗೆ ಯಾರು ಹೇಳಬೇಕೆಂಬುದು ನಮ್ಮೂರಿನಲ್ಲಿ ಇನ್ನೂ ನಿಶ್ಚಯವಾಗಿಲ್ಲ. ತಾವು ಕೆಲಸ ಹಂಚುವಾಗ ಇದನ್ನು ಒಬ್ಬರ ಹೆಸರಿಗೆ ಬರೆಯಿರಿ, ಮತ್ತು ಅಂಥ ಕೊಳವೆಬಾವಿಗೆ ಕೆಂಪು ಬಣ್ಣ ಬಳಿಸುವ ಖರ್ಚನ್ನು ಪಂಚಾಯಿತಿಯಿಂದಲೇ ಕೊಡಿಸಿರಿ.