ಪ್ರೀ-ವರ್ಕೌಟ್ ಶುರು ಮಾಡಿದ ಮೇಲೆ ಬೆಂಚ್ ಪ್ರೆಸ್ ಇಳೀತಿದೆ, ಕೈ ನಡುಗುತ್ತೆ

ತುಮಕೂರು_ಲಿಫ್ಟ್: ತೂಕ 60 ಕೆಜಿ. ಮಧ್ಯಾಹ್ನ 1ಕ್ಕೆ ಊಟ, 5ಕ್ಕೆ ಫಿಲ್ಟರ್ ಕಾಫಿ, 6ಕ್ಕೆ ಪ್ರೀ-ವರ್ಕೌಟ್ (ವ್ಯಾಯಾಮಕ್ಕೆ ಮುಂಚೆ ನೀರಲ್ಲಿ ಕಲಸಿ ಕುಡಿಯೋ ಪುಡಿ) ಒಂದು ಸ್ಕೂಪ್, 6:15ಕ್ಕೆ ಬೆಂಚ್ (ಮಲಗಿ ಭಾರ ಮೇಲೆತ್ತೋದು). 70 ಕೆಜಿಗೆ 5 ರೆಪ್ಸ್ (ಒಂದೇ ಸಲಕ್ಕೆ ಐದು ಬಾರಿ ಎತ್ತೋದು) ಬರ್ತಿತ್ತು, ಈಗ 3ಕ್ಕೇ ನಿಲ್ಲುತ್ತೆ. ಮುಖ, ಕಿವಿ ಜುಮ್ ಅನ್ನುತ್ತೆ. ರಾತ್ರಿ 2ರ ತನಕ ನಿದ್ದೆ ಇಲ್ಲ. 10 ಗ್ರಾಂ ಸ್ಕೂಪ್‌ನಲ್ಲಿ ಕೆಫೀನ್ 300 ಮಿಗ್ರಾಂ, ಬೀಟಾ-ಅಲನೈನ್ 3.2 ಗ್ರಾಂ, ಸಿಟ್ರುಲಿನ್ ಮ್ಯಾಲೇಟ್ 3 ಗ್ರಾಂ, ಕ್ರಿಯಾಟಿನ್ 1 ಗ್ರಾಂ. ಎರಡು ಸ್ಕೂಪ್ ಹಾಕ್ಲಾ?

ಕೋಲಾರ_ಬಾರ್‌ಬೆಲ್: ಬೇಡವೇ ಬೇಡ. ಆರೋಗ್ಯವಂತರಿಗೂ ದಿನಕ್ಕೆ 400 ಮಿಗ್ರಾಂ ಕೆಫೀನ್ ಮೇಲ್ಮಿತಿ; ಎರಡು ಸ್ಕೂಪ್ ಅಂದ್ರೆ 600. ಈಗಲೇ ಕೆಜಿಗೆ 5 ಮಿಗ್ರಾಂ ಆಗ್ತಿದೆ, ಕಾಫಿ ಬೇರೆ. ಖಾಲಿ ಹೊಟ್ಟೇಲಿ ಅಷ್ಟು ಬಿದ್ರೆ ಕೈ ನಡುಗದೇ ಇನ್ನೇನು? ಸಮಯವೂ ತಪ್ಪು: ಕೆಫೀನ್ ಏರೋಕೆ 45–60 ನಿಮಿಷ ಬೇಕು. ನಿಮ್ಮ ಭಾರದ ಸೆಟ್‌ಗಳು ಮುಗಿದ ಮೇಲೆ ಅದು ಏರ್ತಿದೆ.

ಡಬ್ಬಿ ಚೆನ್ನಾಗಿ ಅಲ್ಲಾಡಿಸಿ, ಪುಡಿ ಪದರ ಪದರವಾಗಿ ಕೂತಿರುತ್ತೆ. ಡಿಜಿಟಲ್ ತಕ್ಕಡೀಲಿ 5 ಗ್ರಾಂ ತೂಗಿ, 300 ಮಿಲಿ ನೀರಲ್ಲಿ ಕಲಸಿ, ಬೆಂಚ್‌ಗೆ 45 ನಿಮಿಷ ಮುಂಚೆ ಕುಡೀರಿ. ಒಂದು ಗಂಟೆ ಮುಂಚೆ ಎರಡು ಬಾಳೆಹಣ್ಣು. ಮುದ್ದೆ ತಿನ್ನೋದಾದ್ರೆ ಮೂರು ಗಂಟೆ ಮುಂಚೆ. 5ರ ಕಾಫಿ ಬಿಡಿ.

ಚಿಕ್ಕಬಳ್ಳಾಪುರ_ಐರನ್: ಸಂಜೆ ಅರ್ಧ ಸ್ಕೂಪೂ ನಾನು ಒಪ್ಪಲ್ಲ ಅಣ್ಣ. ಕೆಫೀನ್ ಅರ್ಧ ಇಳಿಯೋಕೆ ಸುಮಾರು 5 ಗಂಟೆ. 5:30ಕ್ಕೆ 150 ಕುಡಿದ್ರೆ 10:30ಕ್ಕೆ 75 ಉಳಿದಿರುತ್ತೆ, ಅಂದ್ರೆ ಮಲಗೋ ಹೊತ್ತಿಗೆ ಒಂದು ಕಾಫಿ. ರೆಪ್ಸ್ ಬಿದ್ದಿರೋದು ನಿದ್ದೆಗೆಟ್ಟೇ ಇರಬೇಕು. ಹತ್ತು ದಿನ ಪೂರ್ತಿ ನಿಲ್ಲಿಸಿ, ಮೊದಲೆರಡು ದಿನ ತಲೆನೋವು ಬರಬಹುದು. ಆಮೇಲೆ ಬೆಳಗ್ಗೆ ಭಾರ ಎತ್ತೋ ದಿನ ಮಾತ್ರ ಬಳಸಿ.

ತುಮಕೂರು_ಲಿಫ್ಟ್: ಜುಮ್ ಅಂದ್ರೇನೇ ಪವರ್ ಹತ್ತಿದೆ ಅಂತ ಜಿಮ್ಮಲ್ಲಿ ಹೇಳ್ತಾರಲ್ಲ?

ಕೋಲಾರ_ಬಾರ್‌ಬೆಲ್: ಅದು ಬೀಟಾ-ಅಲನೈನ್ ಚರ್ಮದ ನರ ಕೆರಳಿಸೋದು ಅಷ್ಟೆ, ಅಪಾಯವೂ ಇಲ್ಲ, ಬಲವೂ ಇಲ್ಲ. ದಿನಾ ತಗೊಂಡು ನಾಲ್ಕು ವಾರ ಕಳೆದ ಮೇಲೆ, ಒಂದರಿಂದ ನಾಲ್ಕು ನಿಮಿಷದ ಕೆಲಸಕ್ಕೆ ಸ್ವಲ್ಪ ನೆರವಾಗುತ್ತೆ. 5 ರೆಪ್ಸ್ ಸೆಟ್ ಇಪ್ಪತ್ತು ಸೆಕೆಂಡಲ್ಲಿ ಮುಗಿಯುತ್ತೆ. ರಕ್ತ ಹರಿವಿಗೆ ಅಂತ ಹಾಕೋ ಸಿಟ್ರುಲಿನ್ ಮ್ಯಾಲೇಟ್ ಪ್ರಯೋಗಗಳಲ್ಲಿ ಕೊಡೋದು 6–8 ಗ್ರಾಂ, ನಿಮ್ಮದರಲ್ಲಿ ಅರ್ಧ. ಕ್ರಿಯಾಟಿನ್ 1 ಗ್ರಾಂ ಬರೀ ಲೇಬಲ್ ಶೋಕಿ. ಬಲ ಬೇಕಾದ್ರೆ ಬರೀ ಕ್ರಿಯಾಟಿನ್ ಮೊನೊಹೈಡ್ರೇಟ್ ಕೊಂಡು ದಿನಾ 3–5 ಗ್ರಾಂ, ರಜಾ ದಿನವೂ, ಯಾವ ಹೊತ್ತಿಗಾದ್ರೂ ಸರಿ.

ಚಿಕ್ಕಬಳ್ಳಾಪುರ_ಐರನ್: ಬಿಪಿ ಇದ್ರೆ ಅಥವಾ ಎದೆ ಡವಡವ ಅಂದ್ರೆ ಡಾಕ್ಟರ್‌ಗೆ ತೋರಿಸೋ ತನಕ ಮುಟ್ಟಬೇಡಿ. ಜಿಮ್ ಕೌಂಟರಲ್ಲಿ ಸ್ಕೂಪ್ ಲೆಕ್ಕದಲ್ಲಿ ಮಾರೋ ಲೂಸ್ ಪುಡಿ ಬೇಡ, ಅದರಲ್ಲಿ ಕೆಫೀನ್ ಎಷ್ಟು ಅಂತ ಮಾರೋನಿಗೂ ಗೊತ್ತಿರಲ್ಲ.