ಮೊದಲ ಸೆಮಿಸ್ಟರ್‌ಗೆ ಯಾವ ಕೋರ್ಸ್? ಶೈಕ್ಷಣಿಕ ಸಲಹೆಗಾರ್ತಿಯೊಂದಿಗೆ ಪ್ರಶ್ನೋತ್ತರ

ಕಾಲೇಜಿಗೆ ಹೊಸದಾಗಿ ಸೇರಿದವರ ಎದುರು ಕೂತು ಕೋರ್ಸ್ ಪಟ್ಟಿ ಸಿದ್ಧಪಡಿಸುವುದೇ ಹದಿನಾರು ವರ್ಷಗಳಿಂದ ನನ್ನ ಕೆಲಸ. ಕೋರ್ಸ್ ಆಯ್ಕೆ ಮತ್ತು ಪ್ಲೇಸ್‌ಮೆಂಟ್ ಬಗ್ಗೆ ಗುಂಪಿನಲ್ಲಿ ಈ ವಾರ ಬಂದ ಪ್ರಶ್ನೆಗಳಿಗೆ ಇಲ್ಲೇ ಉತ್ತರಿಸುತ್ತೇನೆ. ಪ್ಲೇಸ್‌ಮೆಂಟ್ ಎಂದಕೂಡಲೇ ಉದ್ಯೋಗದ ಸುದ್ದಿಯೆಂದು ಓಡಿಬಂದವರು ಕ್ಷಮಿಸಬೇಕು. ಇಲ್ಲಿ ಆ ಪದಕ್ಕೆ, ಯಾವ ಹಂತದ ಕೋರ್ಸಿನಿಂದ ಓದು ಆರಂಭಿಸಬೇಕೆಂದು ಗೊತ್ತುಮಾಡುವುದು ಎಂದಷ್ಟೇ ಅರ್ಥ.

ಪ್ರಶ್ನೆ (ಮೊದಲ ವರ್ಷದ ವಿದ್ಯಾರ್ಥಿನಿ): ನಮಸ್ಕಾರ ಮೇಡಂ. ಮನಶ್ಶಾಸ್ತ್ರ ಓದಬೇಕೆಂದು ಸೇರಿದ್ದೇನೆ. ದೂರದ ಪ್ರಯಾಣ ಮುಗಿಸಿ ಬಂದ ಮರುದಿನವೇ ಗಣಿತದ ಪ್ಲೇಸ್‌ಮೆಂಟ್ ಪರೀಕ್ಷೆ ಇತ್ತು. ನಿದ್ದೆಗಣ್ಣಿನಲ್ಲಿ ಬರೆದೆ. ಈಗ ಪ್ರಾಥಮಿಕ ಬೀಜಗಣಿತದ ಕೋರ್ಸಿಗೆ ಹಾಕಿದ್ದಾರೆ. ಶುಲ್ಕ ಕಟ್ಟಬೇಕು, ಆದರೆ ಆ ಕ್ರೆಡಿಟ್ ಪದವಿಯ ಲೆಕ್ಕಕ್ಕೆ ಸೇರುವುದಿಲ್ಲವಂತೆ. ಶಾಲೆಯಲ್ಲಿ ನನಗೆ ಗಣಿತದಲ್ಲಿ ಒಳ್ಳೆಯ ಅಂಕಗಳೇ ಬರುತ್ತಿದ್ದವು. ಸುಮ್ಮನೆ ಒಪ್ಪಿಕೊಳ್ಳಲೇ?

ಉತ್ತರ: ಬೇಡ, ಈ ವಾರವಂತೂ ಒಪ್ಪಿಕೊಳ್ಳಬೇಡಿ. ಆ ಪರೀಕ್ಷೆ ಅಳೆದದ್ದು ಒಂದು ಬೆಳಗಿನ ಒಂದೆರಡು ಗಂಟೆಗಳನ್ನು. ನಿಮ್ಮ ಶಾಲೆಯ ಅಂಕಪಟ್ಟಿಯಲ್ಲಿ ಹಲವು ವರ್ಷಗಳ ಪರಿಶ್ರಮವಿದೆ. ಅಮೆರಿಕದ ಸಮುದಾಯ ಕಾಲೇಜುಗಳಲ್ಲಿ (ಹೆಚ್ಚಾಗಿ ಎರಡು ವರ್ಷದ ಕೋರ್ಸ್ ನಡೆಸುವ ಸಾರ್ವಜನಿಕ ಕಾಲೇಜುಗಳು) ನಡೆದ ಅಧ್ಯಯನಗಳು ತೋರಿಸಿದ್ದೂ ಇದನ್ನೇ. ಇಂಥ ಪರೀಕ್ಷೆಗಳಿಂದ ಗಣಿತದಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು, ಇಂಗ್ಲಿಷಿನಲ್ಲಿ ಮೂವರಲ್ಲಿ ಒಬ್ಬರು ತೀರಾ ತಪ್ಪಾದ ಹಂತಕ್ಕೆ ಹೋಗುತ್ತಿದ್ದರು. ಹಾಗೆ ತಪ್ಪಿದವರಲ್ಲಿ ಅರ್ಹತೆಗಿಂತ ಕೆಳಗೆ ಬಿದ್ದವರೇ ಹೆಚ್ಚು. ಕ್ಯಾಲಿಫೋರ್ನಿಯಾ 2017ರಲ್ಲಿ ಕಾನೂನನ್ನೇ ತಂದು, ಸಮುದಾಯ ಕಾಲೇಜುಗಳು ಶಾಲೆಯ ಅಂಕಗಳನ್ನು ಪರಿಗಣಿಸಬೇಕೆಂದು ಹೇಳಿತು.

ನಿಮ್ಮ ವಿಷಯ ಮನಶ್ಶಾಸ್ತ್ರವಾದ್ದರಿಂದ ಇನ್ನೊಂದು ಮಾತು. ಮುಂದೆ ನಿಮಗೆ ಬೇಕಾಗುವುದು ಸಂಖ್ಯಾಶಾಸ್ತ್ರ. ಹಾಗಿರುವಾಗ ಬೀಜಗಣಿತದ ಮೆಟ್ಟಿಲನ್ನು ಯಾಕೆ ಹತ್ತಬೇಕು? ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯದ ಮೂರು ಸಮುದಾಯ ಕಾಲೇಜುಗಳಲ್ಲಿ 2013ರಲ್ಲಿ ಒಂದು ಪ್ರಯೋಗ ಮಾಡಿದರು. ಪ್ರಾಥಮಿಕ ಬೀಜಗಣಿತ ಬೇಕೆಂದು ಪರೀಕ್ಷೆ ಹೇಳಿದ್ದ ವಿದ್ಯಾರ್ಥಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. ಬರೀ ಬೀಜಗಣಿತ ಓದಿದವರಲ್ಲಿ ಶೇಕಡ 39ರಷ್ಟು ಮಂದಿ ತೇರ್ಗಡೆಯಾದರು. ವಾರಕ್ಕೊಂದು ನೆರವಿನ ತರಗತಿಯೊಡನೆ ಬೀಜಗಣಿತ ಓದಿದವರಲ್ಲಿ ಶೇಕಡ 45. ಅದೇ ನೆರವಿನೊಡನೆ ನೇರವಾಗಿ ಕಾಲೇಜು ಮಟ್ಟದ ಸಂಖ್ಯಾಶಾಸ್ತ್ರಕ್ಕೆ ಹೋದವರಲ್ಲಿ ಶೇಕಡ 56. ಮೇಲಿನ ಕೋರ್ಸಿಗೆ ಹೋದವರೇ ಹೆಚ್ಚು ಪಾಸಾದರು! ಈ ಫಲಿತಾಂಶ ಓದಿದ ದಿನ, ನಾನು ಹಿಂದೆ ಬೀಜಗಣಿತಕ್ಕೆ ಕಳುಹಿಸಿದ್ದ ಮುಖಗಳೆಲ್ಲ ಕಣ್ಣ ಮುಂದೆ ಬಂದವು. ಆ ಸಂಕಟ ಈಗಲೂ ಪೂರ್ತಿ ಹೋಗಿಲ್ಲ.

ಸಲಹಾ ಕಚೇರಿಗೆ ಎರಡೇ ಪ್ರಶ್ನೆ ಕೇಳಿ: ಮರುಪರೀಕ್ಷೆಗೆ ಅವಕಾಶವಿದೆಯೇ? ನೆರವಿನ ತರಗತಿಯೊಡನೆ ಸಂಖ್ಯಾಶಾಸ್ತ್ರ ತೆಗೆದುಕೊಳ್ಳಬಹುದೇ? ಶಾಲೆಯ ಅಂಕಪಟ್ಟಿಯನ್ನು ಜೊತೆಗೇ ಕಳುಹಿಸಿ. ಇಮೇಲ್‌ನಲ್ಲೇ ಕೇಳಿ. ಬಾಯಿಮಾತಿನ ಉತ್ತರ ನೋಂದಣಿಯ ದಿನ ಯಾರಿಗೂ ನೆನಪಿರುವುದಿಲ್ಲ.

ಪ್ರಶ್ನೆ (ಒಬ್ಬ ತಂದೆ): ಮೇಡಂ, ಮಗ ಎಂಜಿನಿಯರಿಂಗ್ ಸೇರಿದ್ದಾನೆ. ಮೊದಲ ಸೆಮಿಸ್ಟರ್‌ನಲ್ಲಿ ಹಗುರವಾದ ವಿಷಯಗಳನ್ನು ಮುಗಿಸಿಕೊಳ್ಳಲಿ, ಗಣಿತವನ್ನು ಆಮೇಲೆ ನೋಡಿಕೊಳ್ಳಲಿ ಎಂದು ಹೇಳಿದ್ದೇನೆ. ಸರಿಯೇ? ಇನ್ನೊಂದು ವಿಷಯ, ಅವನ ಸಲಹೆಗಾರರಿಗೆ ಫೋನ್ ಮಾಡಿದರೆ ಏನನ್ನೂ ಹೇಳುವುದಿಲ್ಲ. ಹಣ ಕಟ್ಟುವವನು ನಾನಲ್ಲವೇ?

ಉತ್ತರ: ಸರ್, ನಿಮ್ಮ ಕಾಳಜಿ ಅರ್ಥವಾಗುತ್ತದೆ, ಆದರೆ ಆ ಸಲಹೆಯನ್ನು ದಯವಿಟ್ಟು ಹಿಂದಕ್ಕೆ ತೆಗೆದುಕೊಳ್ಳಿ. ಎಂಜಿನಿಯರಿಂಗ್‌ನಲ್ಲಿ ಗಣಿತವೆಂದರೆ ಒಂದು ಸರಪಳಿ. ಮೊದಲ ಕ್ಯಾಲ್ಕುಲಸ್ ಮುಗಿಯದೆ ಎರಡನೆಯದಕ್ಕೆ ಬಿಡುವುದಿಲ್ಲ. ಅದು ಮುಗಿಯದೆ ಅವಕಲ ಸಮೀಕರಣಗಳಿಗೆ ಹೋಗಲಾಗದು. ಕ್ಯಾಲ್ಕುಲಸ್ ಬಲದ ಮೇಲೆ ನಡೆಯುವ ಭೌತಶಾಸ್ತ್ರವೂ ಬಾಗಿಲಲ್ಲೇ ಕಾಯುತ್ತದೆ. ಭೌತಶಾಸ್ತ್ರವಾಗದೆ ಸ್ಥಿತಿಶಾಸ್ತ್ರವಿಲ್ಲ, ಅಂದರೆ ಅಲುಗದೆ ನಿಂತ ವಸ್ತುಗಳ ಮೇಲಿನ ಬಲಗಳ ಪಾಠವಿಲ್ಲ. ಒಂದು ಸೆಮಿಸ್ಟರ್ ತಡವಾದರೆ ಒಂದೇ ಸೆಮಿಸ್ಟರ್ ಹೋಯಿತೆಂದು ಎಣಿಸಬೇಡಿ, ಏಕೆಂದರೆ ಮೇಲಿನ ಹಂತದ ಎಷ್ಟೋ ಕೋರ್ಸ್‌ಗಳನ್ನು ವರ್ಷಕ್ಕೊಂದೇ ಸಲ ನಡೆಸುತ್ತಾರೆ. ಆ ಗಾಡಿ ತಪ್ಪಿದರೆ ಮುಂದಿನ ವರ್ಷದವರೆಗೆ ಕಾಯಬೇಕು. ಇತಿಹಾಸ, ಸಾಹಿತ್ಯ, ಕಲೆಯಂಥ ಸಾಮಾನ್ಯ ವಿಷಯಗಳನ್ನು ಸಾಧಾರಣವಾಗಿ ಯಾವ ಸೆಮಿಸ್ಟರ್‌ನಲ್ಲಾದರೂ ಓದಬಹುದು. ಮೂರನೆಯ ವರ್ಷ ಕಠಿಣ ಕೋರ್ಸ್‌ಗಳ ನಡುವೆ ಉಸಿರಾಡಲು ಅಂಥದ್ದು ಒಂದೆರಡು ಉಳಿದಿರಬೇಕು. ಹಗುರವಾದುದೆಲ್ಲವನ್ನೂ ಮೊದಲೇ ಮುಗಿಸಿಕೊಂಡವರ ಮೂರನೆಯ ವರ್ಷವನ್ನು ನೋಡಿದ್ದೇನೆ, ಅದು ನೋಡುವಂಥದ್ದಲ್ಲ.

ಫೋನ್ ವಿಚಾರದಲ್ಲಿ ಆ ಸಲಹೆಗಾರರ ಮೇಲೆ ಕೋಪ ಬೇಡ. ಹಲವು ದೇಶಗಳಲ್ಲಿ ಕಾಲೇಜು ವಿದ್ಯಾರ್ಥಿಯ ದಾಖಲೆ ವಿದ್ಯಾರ್ಥಿಗೆ ಸೇರಿದ್ದು. ಅಮೆರಿಕದಲ್ಲಂತೂ 1974ರಿಂದ ಅದಕ್ಕೆ ಕಾನೂನೇ ಇದೆ. ಮಗ ಲಿಖಿತ ಒಪ್ಪಿಗೆ ಕೊಟ್ಟರೆ ಮಾತನಾಡಬಹುದು. ಅವನನ್ನೇ ಕೇಳಿದರೆ ಇನ್ನೂ ಬೇಗ ಗೊತ್ತಾಗುತ್ತದೆ, ಅಂಕಗಳ ಬಗ್ಗೆ ಅಲ್ಲದೆ ಬೇರೆ ಏನಾದರೂ ಕೇಳುತ್ತಾ ಮಾತು ಆರಂಭಿಸಿದರೆ.

ಪ್ರಶ್ನೆ (ಇನ್ನೊಬ್ಬ ವಿದ್ಯಾರ್ಥಿ): ಮೇಡಂ, ಆರು ಕೋರ್ಸ್, ಹದಿನೆಂಟು ಕ್ರೆಡಿಟ್ ತೆಗೆದುಕೊಂಡಿದ್ದೇನೆ. ವಾರಕ್ಕೆ ಹದಿನೆಂಟು ಗಂಟೆ ಪಾಠವಷ್ಟೇ. ಜೊತೆಗೆ ಇಪ್ಪತ್ತು ಗಂಟೆ ಅರೆಕಾಲಿಕ ಕೆಲಸ ಮಾಡಬಹುದಲ್ಲವೇ?

ಉತ್ತರ: ಒಂದು ಕ್ರೆಡಿಟ್ ಎಂದರೆ ವಾರಕ್ಕೆ ಒಂದು ಗಂಟೆ ತರಗತಿ, ಹೊರಗೆ ಕನಿಷ್ಠ ಎರಡು ಗಂಟೆ ಓದು ಎಂಬ ಲೆಕ್ಕ. ಹದಿನೆಂಟನ್ನು ಮೂರರಿಂದ ಗುಣಿಸಿ: 54. ಕೆಲಸದ ಇಪ್ಪತ್ತು ಸೇರಿಸಿದರೆ 74. ಯುರೋಪಿನವರು ಬೇರೆ ಬಗೆಯಲ್ಲಿ ಎಣಿಸುತ್ತಾರೆ, ವರ್ಷಕ್ಕೆ 60 ಕ್ರೆಡಿಟ್, ಪ್ರತಿಯೊಂದಕ್ಕೂ 25ರಿಂದ 30 ಗಂಟೆ. ಹೇಗೆ ಎಣಿಸಿದರೂ ಪೂರ್ಣಾವಧಿ ಓದು ಒಂದು ಪೂರ್ಣಾವಧಿ ಉದ್ಯೋಗದಷ್ಟೇ ಭಾರ. ಎರಡು ಕೋರ್ಸ್ ಬಿಡಿ.

ಅದೇ ವಿದ್ಯಾರ್ಥಿ: ಬಿಟ್ಟರೆ ಅಂಕಪಟ್ಟಿಯಲ್ಲಿ ಕಪ್ಪು ಚುಕ್ಕೆಯಾಗುವುದಿಲ್ಲವೇ?

ಉತ್ತರ: ಯಾವಾಗ ಬಿಡುತ್ತೀರಿ ಎಂಬುದರ ಮೇಲಿದೆ. ಸಾಮಾನ್ಯವಾಗಿ ಮೊದಲ ಒಂದೆರಡು ವಾರ ಸೇರ್ಪಡೆ ಮತ್ತು ಬಿಡುಗಡೆಯ ಅವಧಿ. ಆಗ ಬಿಟ್ಟ ಕೋರ್ಸಿನ ಗುರುತೂ ಉಳಿಯುವುದಿಲ್ಲ. ಆಮೇಲೆ ಬಿಟ್ಟರೆ ಹಿಂತೆಗೆತವೆಂದು ನಮೂದಾಗುತ್ತದೆ, ಸರಾಸರಿಗೆ ಪೆಟ್ಟು ಬೀಳುವುದಿಲ್ಲ. ಆ ಗಡುವೂ ದಾಟಿದರೆ ಅನುತ್ತೀರ್ಣವೇ ಗತಿ. ಬಿಡುವ ಮೊದಲು ಒಂದು ಸಂಗತಿ ಖಚಿತಪಡಿಸಿಕೊಳ್ಳಿ. ವಿದ್ಯಾರ್ಥಿವೇತನ ಅಥವಾ ವಿದ್ಯಾರ್ಥಿ ವೀಸಾ ಇದ್ದವರು ಪೂರ್ಣಾವಧಿಯ ಮಿತಿಗಿಂತ ಕೆಳಗೆ ಇಳಿಯುವಂತಿಲ್ಲ. ಅಮೆರಿಕದಲ್ಲಿ ಸ್ನಾತಕಪೂರ್ವ ಹಂತಕ್ಕೆ ಅದು ಸಾಮಾನ್ಯವಾಗಿ 12 ಕ್ರೆಡಿಟ್. ಆರರಲ್ಲಿ ಎರಡು ಬಿಟ್ಟರೆ ನೀವು ಸರಿಯಾಗಿ ಆ ಗೆರೆಯ ಮೇಲೆ ನಿಲ್ಲುತ್ತೀರಿ, ಆಮೇಲೆ ಇನ್ನೊಂದನ್ನು ಬಿಡಲು ಜಾಗವಿರುವುದಿಲ್ಲ.

ಪ್ರಶ್ನೆ (ಮತ್ತೊಬ್ಬ ವಿದ್ಯಾರ್ಥಿನಿ): ನನ್ನದು ತಿರುವುಮುರುವು ಸಮಸ್ಯೆ. ಪರೀಕ್ಷೆಯಲ್ಲಿ ತುಂಬಾ ಅಂಕ ಬಂದಿದೆ, ಮೊದಲ ಕ್ಯಾಲ್ಕುಲಸ್ ಬಿಟ್ಟು ಎರಡನೆಯದಕ್ಕೆ ಹೋಗಬಹುದು ಎನ್ನುತ್ತಾರೆ. ಹೋಗಲೇ?

ಉತ್ತರ: ಮೊದಲ ಕ್ಯಾಲ್ಕುಲಸ್‌ನ ಹಳೆಯ ಅಂತಿಮ ಪ್ರಶ್ನೆಪತ್ರಿಕೆಯೊಂದನ್ನು ವಿಭಾಗದಿಂದ ಪಡೆದುಕೊಳ್ಳಿ. ಪುಸ್ತಕ ಮುಚ್ಚಿ, ಗಡಿಯಾರ ಇಟ್ಟುಕೊಂಡು ಬರೆಯಿರಿ. ಸರಪಳಿ ನಿಯಮ, ಆದೇಶದಿಂದ (ಒಂದು ಚರದ ಬದಲು ಇನ್ನೊಂದನ್ನು ಇಟ್ಟು) ಮಾಡುವ ಅನುಕಲನ ಇವೆರಡೂ ಯೋಚಿಸದೆ ಕೈಗೆ ಬಂದರೆ ಧೈರ್ಯವಾಗಿ ಮುಂದಕ್ಕೆ ಹೋಗಿ.

ಗಣಿತ ಉಪನ್ಯಾಸಕರೊಬ್ಬರು: ಮೇಡಂ, ಇದಕ್ಕೆ ನನ್ನ ಸಮ್ಮತಿಯಿಲ್ಲ. ಎರಡನೆಯ ಕ್ಯಾಲ್ಕುಲಸ್‌ನಲ್ಲಿ ಅನಂತ ಶ್ರೇಣಿಗಳು ಬಂದಾಗ ಮುಗ್ಗರಿಸುವವರಲ್ಲಿ ಹಾರಿ ಬಂದವರೇ ಹೆಚ್ಚು ಕಾಣುತ್ತಾರೆ. ಶಾಲೆಯಲ್ಲಿ ಅವರು ಕಲಿತದ್ದು ಸೂತ್ರ. ಮಿತಿಯ (ಲಿಮಿಟ್) ಕಲ್ಪನೆ ಅವರಿಗೆ ಗಟ್ಟಿಯಾಗಿರುವುದಿಲ್ಲ.

ಉತ್ತರ: ತರಗತಿಯಲ್ಲಿ ನಿಂತು ನೋಡುವವರು ನೀವು ಸರ್, ತಳ್ಳಿಹಾಕುವುದಿಲ್ಲ. ಮಿತಿಯ ಪ್ರಶ್ನೆಗಳನ್ನೂ ಆ ಸ್ವಪರೀಕ್ಷೆಗೆ ಸೇರಿಸುತ್ತೇನೆ. ಆದರೆ ಗೊತ್ತಿದ್ದುದನ್ನೇ ಮತ್ತೆ ಕೂತು ಕೇಳುವವರಿಗೆ ಬೇರೊಂದು ರೋಗ ಅಂಟುತ್ತದೆ. ಎಲ್ಲ ಗೊತ್ತು ಎಂದು ತರಗತಿ ತಪ್ಪಿಸುತ್ತಾರೆ, ಹೊಸ ಪಾಠ ಬಂದುದು ಗೊತ್ತಾಗುವ ಹೊತ್ತಿಗೆ ಮಧ್ಯಾವಧಿ ಪರೀಕ್ಷೆ ಮುಗಿದಿರುತ್ತದೆ. ಹಾಗಾಗಿ ಆ ವಿದ್ಯಾರ್ಥಿನಿಗೆ ಹೇಳುವುದಿಷ್ಟು: ಎರಡನೆಯದಕ್ಕೇ ಸೇರಿ, ಆದರೆ ಮೊದಲ ಕೋರ್ಸ್ ನಡೆಯುವ ವೇಳೆಯನ್ನೂ ಖಾಲಿ ಇಟ್ಟುಕೊಳ್ಳಿ. ಮೊದಲ ವಾರದೊಳಗೆ ಕಷ್ಟವೆನ್ನಿಸಿದರೆ ಕೆಳಗೆ ಇಳಿಯಬಹುದು. ಹತ್ತುವುದಕ್ಕಿಂತ ಇಳಿಯುವುದಕ್ಕೆ ಕಚೇರಿಗಳು ಬೇಗ ಒಪ್ಪುತ್ತವೆ.

ಪ್ರಶ್ನೆ: ಯಾವ ಪದವಿ ಎಂದೇ ತೀರ್ಮಾನಿಸಿಲ್ಲದವರು?

ಉತ್ತರ: ಮನಸ್ಸಿನಲ್ಲಿರುವ ಎರಡು ಮೂರು ವಿಷಯಗಳಲ್ಲಿ ಯಾವುದರ ಸರಪಳಿ ಉದ್ದವೋ ಅದರ ಮೊದಲ ಕೊಂಡಿಯನ್ನು ಈಗಲೇ ಹಿಡಿಯಿರಿ. ರಸಾಯನಶಾಸ್ತ್ರದಿಂದ ಸಮಾಜಶಾಸ್ತ್ರಕ್ಕೆ ಬರುವುದು ಎರಡನೆಯ ವರ್ಷದಲ್ಲೂ ಸುಲಭ. ಸಮಾಜಶಾಸ್ತ್ರದಿಂದ ರಸಾಯನಶಾಸ್ತ್ರಕ್ಕೆ ಹೋಗುವವರು ಒಂದು ವರ್ಷ ಹೆಚ್ಚು ಓದಬೇಕಾದೀತು.

ಮೊದಲ ಪ್ರಶ್ನೆ ಕೇಳಿದ ವಿದ್ಯಾರ್ಥಿನಿ: ಮೇಡಂ, ಇಮೇಲ್‌ಗೆ ಉತ್ತರ ಬಂದಿದೆ. ನೆರವಿನೊಡನೆ ಸಂಖ್ಯಾಶಾಸ್ತ್ರ ಇದೆಯಂತೆ, ಆದರೆ ಅದಕ್ಕೂ ಒಂದು ಕನಿಷ್ಠ ಅಂಕ ಬೇಕು. ಗುರುವಾರ ಮರುಪರೀಕ್ಷೆ.

ಉತ್ತರ: ಒಳ್ಳೆಯದಾಯಿತು. ಮೂರು ದಿನ ಇದೆ. ಭಿನ್ನರಾಶಿ, ಘಾತಾಂಕ, ರೇಖಾತ್ಮಕ ಸಮೀಕರಣ ಇಷ್ಟನ್ನೇ ತಿರುವಿಹಾಕಿ, ಹೊಸದನ್ನು ಮುಟ್ಟಬೇಡಿ. ಕ್ಯಾಲ್ಕುಲೇಟರ್ ಬಿಡುತ್ತಾರೋ ಇಲ್ಲವೋ ಇವತ್ತೇ ಕೇಳಿಕೊಳ್ಳಿ. ಬುಧವಾರ ರಾತ್ರಿ ಬೇಗ ಮಲಗಿ.